ನಡುಗಡ್ಡೆಯ ಗಿಡ ಎಣಿಸುವಾಗ ಚೌಕದ ಅಳತೆ ಎಷ್ಟು?

ಒಂದು ದ್ವೀಪದಲ್ಲಿ ಎಷ್ಟು ಪ್ರಭೇದದ ಗಿಡಗಳಿವೆ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ. ಎಣಿಸಿದ್ದು ಒಂದು ಚದರ ಮೀಟರಿನಲ್ಲೋ, ನೂರು ಚದರ ಮೀಟರಿನಲ್ಲೋ, ಇಡೀ ದ್ವೀಪದಲ್ಲೋ ಎಂದು ಹೇಳದೆ ಸಂಖ್ಯೆ ಮಾತ್ರ ಕೊಟ್ಟರೆ ಅದರಿಂದ ಏನೂ ತಿಳಿಯದು. ಇದನ್ನು ಮನಗಾಣಿಸಲು ಐಸ್‌ಲ್ಯಾಂಡಿನ ಸುರ್ಟ್‌ಸೇಗಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

1963ರ ನವೆಂಬರಿನಲ್ಲಿ ಸಮುದ್ರದಡಿಯ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ ಇದು. 1967ರಲ್ಲಿ ಲಾವಾ ನಿಂತಾಗ ವಿಸ್ತೀರ್ಣ ಸುಮಾರು 2.7 ಚದರ ಕಿ.ಮೀ. ಇತ್ತು, ಅಲೆಗಳು ಕೊರೆದು ಈಗ ಉಳಿದಿರುವುದು ಹೆಚ್ಚುಕಡಿಮೆ ಅರ್ಧ. 1965ರಲ್ಲೇ ದಡದಲ್ಲಿ ಸೀ ರಾಕೆಟ್ ಎಂಬ ಕಡಲತೀರದ ಗಿಡ ಮೊಳೆಯಿತು. ಆಮೇಲೆ ಬಂದು ನೆಲೆಯೂರಿದವು ಸೀ ಸ್ಯಾಂಡ್‌ವರ್ಟ್, ಲೈಮ್ ಹುಲ್ಲು. ಬೀಜ ಉಪ್ಪುನೀರಿನಲ್ಲಿ ಬದುಕಿ ಬರಬಲ್ಲ ಗಿಡಗಳು. ಬರೀ ಲಾವಾ, ಬೂದಿಯಲ್ಲಿ ಸಾರಜನಕ ಇಲ್ಲದ್ದರಿಂದ ಪ್ರಭೇದಗಳ ಪಟ್ಟಿ ಅಲ್ಲಿಗೇ ನಿಂತಂತಾಗಿತ್ತು. 1980ರ ದಶಕದ ಮಧ್ಯದಲ್ಲಿ ಸೀಗಲ್‌ಗಳು ಗುಂಪಾಗಿ ಗೂಡು ಕಟ್ಟಿದ ಮೇಲೆ ಹಿಕ್ಕೆಯ ಗೊಬ್ಬರವೂ ಬಂತು, ಹಕ್ಕಿಗಳ ಜೊತೆ ಹೊಸ ಬೀಜಗಳೂ ಬಂದವು. 2008ರ ಹೊತ್ತಿಗೆ 69 ಪ್ರಭೇದಗಳು ದಾಖಲಾಗಿದ್ದವು, ನೆಲೆಯೂರಿದ್ದು ಸುಮಾರು 30.

ಈಗ ವಿಸ್ತೀರ್ಣಕ್ಕೂ ಪ್ರಭೇದಗಳ ಸಂಖ್ಯೆಗೂ ಇರುವ ಸಂಬಂಧದ ಸೂತ್ರಕ್ಕೆ ಬರೋಣ. ಪ್ರಭೇದಗಳ ಸಂಖ್ಯೆ = ಸಿ × (ವಿಸ್ತೀರ್ಣದ ಝೆಡ್ ಘಾತ). ಸಿ, ಝೆಡ್ ಎರಡೂ ಎಣಿಕೆಯಿಂದ ಕಂಡುಕೊಳ್ಳುವ ಸ್ಥಿರಾಂಕಗಳು; ವಿಸ್ತೀರ್ಣ ಹೆಚ್ಚಿದಂತೆ ಪ್ರಭೇದ ಎಷ್ಟು ಬೇಗ ಹೆಚ್ಚುತ್ತದೆ ಎಂದು ಹೇಳುವುದು ಝೆಡ್. ದ್ವೀಪಗಳಲ್ಲಿ ಅದು ಸಾಮಾನ್ಯವಾಗಿ 0.25ರಿಂದ 0.35ರ ಆಸುಪಾಸು. 0.3 ಎಂದಿಟ್ಟುಕೊಂಡರೆ ಹತ್ತು ಪಟ್ಟು ದೊಡ್ಡ ದ್ವೀಪದಲ್ಲಿ ಎರಡು ಪಟ್ಟು ಪ್ರಭೇದ. ದ್ವೀಪ ಅರ್ಧವಾದರೆ ಸುಮಾರು 19% ನಷ್ಟ. ಸುರ್ಟ್‌ಸೇ ಕುಗ್ಗುತ್ತಿದ್ದಾಗಲೇ ಪಟ್ಟಿ ಉದ್ದವಾಯಿತು, ಯಾಕೆಂದರೆ ಅದಿನ್ನೂ ತುಂಬಿಕೊಳ್ಳುತ್ತಿರುವ ದ್ವೀಪ. ಹೊಸದಾಗಿ ಬರುವ ಪ್ರಭೇದಗಳೂ ಅಳಿಯುವವೂ ಸರಿದೂಗಿ ಸಮತೋಲಕ್ಕೆ ಬಂದ ದ್ವೀಪಗಳಿಗೆ ಸೂತ್ರ ಹೊಂದುತ್ತದೆ.

ಇನ್ನು ಚೌಕದೊಳಗೆ, ಅಂದರೆ ಗಿಡ ಎಣಿಸಲು ನೆಲದ ಮೇಲೆ ಗುರುತು ಮಾಡಿದ ತುಂಡಿನೊಳಗೆ, ಇಳಿದು ನೋಡಿ. ಸುರ್ಟ್‌ಸೇಯಲ್ಲಿ 10×10 ಮೀಟರಿನ ಶಾಶ್ವತ ಚೌಕಗಳನ್ನು 1990ರಿಂದ ಗಮನಿಸುತ್ತಿದ್ದಾರೆ, ಕೆಲವು ಹಕ್ಕಿಗಳ ನೆಲೆಯೊಳಗೆ, ಕೆಲವು ಹೊರಗೆ. ಹೊರಗಿನ ಚೌಕಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡ. ಒಳಗೆ ಮೊದಲು ಪ್ರಭೇದಗಳು ಏರಿದವು. ಗೊಬ್ಬರ ಹೆಚ್ಚಾಗುತ್ತಾ ಹೋದ ಹಳೆಯ ಭಾಗದಲ್ಲಿ ಹುಲ್ಲು ದಟ್ಟವಾಗಿ ಎದ್ದು, ನೆರಳಿಗೆ ಸಿಕ್ಕ ಸಣ್ಣ ಗಿಡಗಳು ಹಿಂದೆ ಸರಿದವು. ದ್ವೀಪದ ಪಟ್ಟಿಯನ್ನು ಉದ್ದ ಮಾಡಿದ ಅದೇ ಹಿಕ್ಕೆ ನೂರು ಚದರ ಮೀಟರಿನೊಳಗೆ ವೈವಿಧ್ಯ ಕಡಿಮೆ ಮಾಡುತ್ತದೆ. ಒಂದೇ ಅಳತೆಯಲ್ಲಿ ಎಣಿಸಿದವರಿಗೆ ಕಥೆಯ ಅರ್ಧ ಭಾಗ ಕಾಣುವುದೇ ಇಲ್ಲ.

ಆದ್ದರಿಂದ ಚೌಕದೊಳಗೆ ಚೌಕ ಇಡಬೇಕು: ಒಂದೇ ಮೂಲೆಯಿಂದ 1, 2, 5, 10 ಮೀಟರ್ ಬದಿಯವು. ದೊಡ್ಡ ಚೌಕದ ಕರ್ಣ 14.14 ಮೀ. ಬರದಿದ್ದರೆ ಮೂಲೆ ವಾರೆಯಾಗಿದೆ, ಗೂಟ ಕಿತ್ತು ಮತ್ತೆ ನೆಡಿ. ಒಳಗಿನ ಚೌಕ ಮುಗಿಸಿಯೇ ಹೊರಗಿನದಕ್ಕೆ ಹೋಗಿ, ಇಲ್ಲವಾದರೆ ಸಣ್ಣ ಮೊಳಕೆಗಳು ನಿಮ್ಮ ಕಾಲಡಿಯೇ ಸಿಕ್ಕಿ ಹಾಳಾಗುತ್ತವೆ. ಬೇರು ಒಳಗಿದ್ದರೆ ಮಾತ್ರ ಲೆಕ್ಕ ಎಂಬ ನಿಯಮವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಅಂಚಿನಿಂದ ಬಾಗಿ ಬಂದ ಕೊಂಬೆಯನ್ನೂ ಸೇರಿಸಿದರೆ ಒಂದು ಚದರ ಮೀಟರಿನ ಲೆಕ್ಕ ಎಲ್ಲಕ್ಕಿಂತ ಹೆಚ್ಚು ಉಬ್ಬುತ್ತದೆ.

ದೊಡ್ಡ ದ್ವೀಪದಲ್ಲಿ 40 ಚೌಕ, ಸಣ್ಣದರಲ್ಲಿ 5 ಇಟ್ಟು ಒಟ್ಟು ಪಟ್ಟಿಗಳನ್ನು ಹೋಲಿಸುವುದು ನಾನು ಹೆಚ್ಚಾಗಿ ನೋಡುವ ತಪ್ಪು. ಹೆಚ್ಚು ಹುಡುಕಿದಲ್ಲಿ ಹೆಚ್ಚು ಸಿಗುತ್ತದೆ, ಅಷ್ಟೇ. 40ರಿಂದ ಯಾದೃಚ್ಛಿಕವಾಗಿ 5 ಆರಿಸಿ, ಕಂಪ್ಯೂಟರಿನಲ್ಲಿ ಸಾವಿರ ಸಲ ಮಾಡಿ, ಸರಾಸರಿ ತೆಗೆದು ಹೋಲಿಸಿ. ಆಗ ವ್ಯತ್ಯಾಸ ಮಾಯವಾದರೆ ಅದು ಹುಡುಕಾಟದ ಪ್ರಮಾಣದ್ದು. ಪ್ರತಿ ಚೌಕದ ಸರಾಸರಿಯೇ ದೊಡ್ಡ ದ್ವೀಪದಲ್ಲಿ ಹೆಚ್ಚಿದ್ದರೆ, ವಿಸ್ತೀರ್ಣ ಸ್ಥಳೀಯವಾಗಿಯೂ ಕೆಲಸ ಮಾಡುತ್ತಿರಬಹುದು: ಗಿಡಗಳ ಗುಂಪುಗಳು ದೊಡ್ಡವು, ಅಳಿಯುವುದು ಅಪರೂಪ. ಚೌಕದ ಸರಾಸರಿ ಸಮನಾಗಿದ್ದು ಐದು ಚೌಕಗಳ ಒಟ್ಟು ಮಾತ್ರ ಹೆಚ್ಚಿದ್ದರೆ, ಚೌಕದಿಂದ ಚೌಕಕ್ಕೆ ಗಿಡಗಳು ಬದಲಾಗುತ್ತಿವೆ. ಅಲ್ಲಿ ಎತ್ತರ, ಮಣ್ಣಿನ ಆಳ, ಗಾಳಿಯ ದಿಕ್ಕು ನೋಡಿ. ತೀರಾ ಸಣ್ಣ ಬಂಡೆಗಳಲ್ಲಿ ಒಂದು ಬಿರುಗಾಳಿ ಸಾಕು ಎಲ್ಲವನ್ನೂ ತೊಳೆದು ಹಾಕಲು, ಹಾಗಾಗಿ ಅಲ್ಲಿ ಸೂತ್ರ ಕೈಕೊಡುವುದುಂಟು. ಝೆಡ್ ಕಂಡುಕೊಳ್ಳಲು ವಿಸ್ತೀರ್ಣ, ಪ್ರಭೇದ ಎರಡರ ಲಾಗರಿದಮ್ ತೆಗೆದು ಒಂದು ರೇಖೆ ಎಳೆಯುತ್ತಾರೆ. ಶೂನ್ಯ ಪ್ರಭೇದದ ದ್ವೀಪಕ್ಕೆ ಲಾಗರಿದಮ್ ಇಲ್ಲವೆಂದು ಅದನ್ನು ಕೈಬಿಟ್ಟರೆ ರೇಖೆಯ ಕೆಳತುದಿ ಸುಳ್ಳಾಗಿ ಮೇಲೇಳುತ್ತದೆ.

ಹಂಗಾಮೂ ಮುಖ್ಯ. ಮಲ್ಪೆ ಎದುರಿನ ಸೇಂಟ್ ಮೇರೀಸ್‌ನಂಥ ನಮ್ಮ ದ್ವೀಪಗಳಿಗೆ ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಮಳೆಯ ಗಿಡಗಳು ಒಣಗುವ ಮುನ್ನ, ದೋಣಿ ಶುರುವಾದ ಕೂಡಲೇ ಎಣಿಸಬೇಕು. ಬೇಸಿಗೆಯ ಪಟ್ಟಿಯನ್ನು ಅದರ ಪಕ್ಕ ಇಟ್ಟು ಹೋಲಿಸಬಾರದು.

ದೋಣಿ ಹತ್ತುವ ಮುಂಚೆ ಬೂಟಿನ ಅಟ್ಟೆ, ಪ್ಯಾಂಟಿನ ಮಡಿಕೆ, ಚೀಲದ ವೆಲ್ಕ್ರೋ ಬ್ರಷ್‌ನಿಂದ ಉಜ್ಜಿ. ಸುರ್ಟ್‌ಸೇಯಲ್ಲಿ ಒಮ್ಮೆ ಟೊಮೆಟೊ ಗಿಡ ಎದ್ದಿತ್ತು, ಯಾರೋ ಬಯಲಿಗೆ ಹೋಗಿದ್ದ ಜಾಗದಲ್ಲಿ. ಅದನ್ನು ಕಿತ್ತು ಹಾಕಿದರು.