ಬ್ಯಾಂಡಿನವರೇ ನುಡಿಸಿದ ಒಬ್ಬರ ಆಲ್ಬಂ: ರೆಕಾರ್ಡಿಂಗ್ ಕೋಣೆಯಲ್ಲಿ ಕಲಿತದ್ದು

ಬೆಂಗಳೂರಿನ ಸ್ಟುಡಿಯೋವೊಂದರಲ್ಲಿ ಸೌಂಡ್ ಇಂಜಿನಿಯರ್ ಆಗಿರುವ ನನಗೆ ರಾಕ್ ಬ್ಯಾಂಡ್‌ಗಳ ರೆಕಾರ್ಡಿಂಗ್ ಹೊಸದಲ್ಲ. ಆದರೆ ಬ್ಯಾಂಡೊಂದರ ಗಿಟಾರ್ ವಾದಕರು ತಮ್ಮದೇ ಹೆಸರಿನಲ್ಲಿ ಆಲ್ಬಂ ಮಾಡಲು ಹೊರಟು, ತಮ್ಮ ಬ್ಯಾಂಡಿನ ಡ್ರಮ್ಮರ್ ಮತ್ತು ಬೇಸ್ (ತಗ್ಗು ಸ್ವರದ ಗಿಟಾರ್) ವಾದಕರನ್ನೇ ಜೊತೆಗೆ ಕರೆತಂದಾಗ ಎದುರಾದ ಕೆಲಸ ಬೇರೆಯೇ ಬಗೆಯದಾಗಿತ್ತು. ಜನರೂ ಅವರೇ, ವಾದ್ಯಗಳೂ ಅವೇ. ಹೊರಡಬೇಕಾದ ನಾದ ಮಾತ್ರ ಬೇರೆ. ವರ್ಷಗಟ್ಟಲೆ ಕೂಡಿ ನುಡಿಸಿದವರ ಕೈಗೆ ಅಂಟಿದ ರೂಢಿ ಮಾತಿನಿಂದ ಬಿಡುವುದಿಲ್ಲ, ಅವರ ಕಿವಿಗೆ ಬೀಳುವುದನ್ನು ಬದಲಿಸಿದಾಗ ಬಿಡುತ್ತದೆ ಎಂಬುದನ್ನು ನಾನು ಅಲ್ಲಿ ಕಲಿತೆ.

ಕೆಲಸ ಆರಂಭಿಸುವ ಮೊದಲು ನಾವೆಲ್ಲ ಕೂತು ಸ್ಟೀವ್ ಹ್ಯಾಕೆಟ್ ಅವರ ‘ವಾಯೇಜ್ ಆಫ್ ದಿ ಅಕೊಲೈಟ್’ ಕೇಳಿದೆವು. ಇಂಗ್ಲೆಂಡಿನ ಜೆನೆಸಿಸ್ ಬ್ಯಾಂಡಿನ ಗಿಟಾರ್ ವಾದಕರಾಗಿದ್ದ ಹ್ಯಾಕೆಟ್, ಬ್ಯಾಂಡಿನಲ್ಲಿ ಇರುವಾಗಲೇ 1975ರಲ್ಲಿ ಹೊರತಂದ ಈ ಮೊದಲ ಸ್ವಂತ ಆಲ್ಬಂನಲ್ಲಿ ಡ್ರಮ್ಸ್ ನುಡಿಸಿದವರು ಅದೇ ಬ್ಯಾಂಡಿನ ಫಿಲ್ ಕಾಲಿನ್ಸ್, ಬೇಸ್ ನುಡಿಸಿದವರು ಮೈಕ್ ರುದರ್‌ಫರ್ಡ್. ಆದರೂ ಅದನ್ನು ಜೆನೆಸಿಸ್‌ನ ಮತ್ತೊಂದು ಆಲ್ಬಂ ಎನ್ನಲು ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಓಬೋ ಎಂಬ ಊದುವ ವಾದ್ಯ, ಹ್ಯಾಕೆಟ್ ಅವರ ತಮ್ಮ ಜಾನ್ ನುಡಿಸಿದ ಕೊಳಲು, ಗಾಯಕಿ ಸ್ಯಾಲಿ ಓಲ್ಡ್‌ಫೀಲ್ಡ್ ಅವರ ದನಿ ಇವೆಲ್ಲ ಆ ಇಬ್ಬರು ಹಳೆಯ ಜೊತೆಗಾರರ ಸುತ್ತ ಬೇರೊಂದು ವಾತಾವರಣವನ್ನೇ ಕಟ್ಟಿವೆ. ಬ್ಯಾಂಡಿನಲ್ಲಿ ಅಪರೂಪಕ್ಕಷ್ಟೇ ಮುಖ್ಯ ಗಾಯಕರಾಗುತ್ತಿದ್ದ ಕಾಲಿನ್ಸ್ ಇಲ್ಲಿ ‘ಸ್ಟಾರ್ ಆಫ್ ಸಿರಿಯಸ್’ ಹಾಡಿದ್ದಾರೆ. ಅದುವರೆಗಿನ ಮುಖ್ಯ ಗಾಯಕ ಪೀಟರ್ ಗೇಬ್ರಿಯಲ್ ಬ್ಯಾಂಡ್ ಬಿಟ್ಟ ಬಳಿಕ 1976ರ ಜೆನೆಸಿಸ್ ಆಲ್ಬಂನಿಂದ ಕಾಲಿನ್ಸ್ ಅವರೇ ಅದರ ಮುಖ್ಯ ಗಾಯಕರಾದರು. ದಿನವೂ ಜೊತೆಗಿರುವವರಲ್ಲಿ ನಾವು ಗಮನಿಸದೆ ಬಿಟ್ಟದ್ದು ಎಷ್ಟಿರುತ್ತದೆ ಎಂದು ಆ ಹಾಡು ಕೇಳಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ನಮ್ಮ ಗಿಟಾರ್ ವಾದಕರ ಹಾಡುಗಳು ಅಕೂಸ್ಟಿಕ್ ಗಿಟಾರ್ ಹಿಡಿದು ಮೆಲುದನಿಯಲ್ಲಿ ಹಾಡುವಂಥವು. ಮೊದಲ ಟೇಕ್‌ಗಳಲ್ಲಿ, ಎಂದರೆ ಹಾಡನ್ನು ಒಮ್ಮೆಗೆ ನುಡಿಸಿ ರೆಕಾರ್ಡ್ ಮಾಡುವ ಸುತ್ತುಗಳಲ್ಲಿ, ಪಲ್ಲವಿ ಬಂತೆಂದರೆ ಡ್ರಮ್ಮರ್ ಕೈ ದೊಡ್ಡ ವೇದಿಕೆಯ ಮೇಲಿದ್ದಂತೆ ಏಳುತ್ತಿತ್ತು; ಸ್ನೇರ್ ಡ್ರಮ್ ಗಟ್ಟಿ, ಕ್ರ್ಯಾಶ್ ಎಂಬ ದೊಡ್ಡ ತಟ್ಟೆ ಇನ್ನೂ ಗಟ್ಟಿ. ಮೆತ್ತಗೆ ನುಡಿಸಿ ಎಂದು ಹೇಳಿದರೆ ನಾಲ್ಕು ಸಾಲು ಮೆತ್ತಗೆ ನುಡಿಸುವರು, ಐದನೆಯದಕ್ಕೆ ಹಳೆಯ ಬಲವೇ ಮರಳುತ್ತಿತ್ತು. ಆಗ ನಾನು ಅವರ ಹೆಡ್‌ಫೋನ್ ಮಿಕ್ಸ್, ಎಂದರೆ ನುಡಿಸುವಾಗ ಅವರ ಕಿವಿಗೆ ಯಾವ ಸದ್ದು ಎಷ್ಟು ಬೀಳಬೇಕೆಂಬ ಹದ, ಬದಲಿಸಿದೆ. ಬ್ಯಾಂಡಿನ ರೆಕಾರ್ಡಿಂಗ್‌ಗಳಲ್ಲಿ ಅವರು ಕ್ಲಿಕ್ (ಲಯ ಹಿಡಿಯಲು ಹಾಕುವ ಟಿಕ್ ಟಿಕ್ ಸದ್ದು) ಮತ್ತು ಬೇಸ್ ಎರಡನ್ನೂ ಜೋರಾಗಿ, ಹಾಡುವ ದನಿಯನ್ನು ಹೆಸರಿಗಷ್ಟೇ ಕೇಳುತ್ತಿದ್ದರು. ಈ ಬಾರಿ ಕ್ಲಿಕ್ಕನ್ನು ಲಯ ತಪ್ಪದಿರುವಷ್ಟು ಮಾತ್ರ ಉಳಿಸಿ, ಬೇಸನ್ನು ತೀರಾ ಇಳಿಸಿ, ಗಿಟಾರ್ ತಂತಿಯ ಮೇಲೆ ಬೆರಳು ಜಾರುವ ಸದ್ದು ಹಾಗೂ ಗಾಯಕರ ಉಸಿರು ಸ್ಪಷ್ಟವಾಗಿ ಕೇಳುವಂತೆ ಮಾಡಿ, ಒಟ್ಟು ವಾಲ್ಯೂಮನ್ನೂ ತಗ್ಗಿಸಿದೆ. ಹೆಡ್‌ಫೋನ್ ಎಷ್ಟು ಬಿಗಿಯಾಗಿದ್ದರೂ ಎದುರಿಗಿರುವ ಡ್ರಮ್ಸ್‌ನ ಸದ್ದು ಒಳಗೆ ನುಗ್ಗಿಯೇ ತೀರುತ್ತದೆ; ಹಾಗಾಗಿ ಅವರು ಗಟ್ಟಿಯಾಗಿ ಹೊಡೆದ ಕೂಡಲೇ ಹಾಡು ಅವರಿಗೇ ಕೇಳದಂತಾಗುತ್ತಿತ್ತು. ಹಾಡು ಕೇಳಬೇಕಾದರೆ ಕೈ ಇಳಿಸಲೇಬೇಕು. ಮುಂದಿನ ಟೇಕ್‌ನಲ್ಲಿ ಹೈಹ್ಯಾಟ್ ಎಂಬ ಜೋಡಿ ತಟ್ಟೆ ಮುಚ್ಚಿಕೊಂಡಿತು, ಸ್ನೇರ್ ಮೇಲೆ ಕೋಲು ತಾಗಿಯೂ ತಾಗದ ಹಾಗೆ ಓಡಾಡಿತು. ಅಷ್ಟು ಸಣ್ಣ ಸದ್ದನ್ನು ಹಿಡಿಯಲು ಡ್ರಮ್ಸ್ ಮೇಲೆ ತೂಗುವ ಓವರ್‌ಹೆಡ್ ಮೈಕ್‌ಗಳ ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಏರಿಸಬೇಕಾಯಿತು, ಹಾಗೆ ಏರಿಸಿದಾಗ ಏಸಿಯ ಸದ್ದೂ ಸೇರುತ್ತಿದ್ದುದರಿಂದ ಟೇಕ್ ನಡೆಯುವಾಗಲೆಲ್ಲ ಏಸಿ ಆರಿಸಬೇಕಾಯಿತು. ಸೆಕೆಯಲ್ಲಿ ಕೂತು ನುಡಿಸಿದ ಅವರ ತಾಳ್ಮೆಗೆ ನಾನು ಋಣಿ. ಬೇಸ್ ವಾದಕರನ್ನು ಡ್ರಮ್ಸ್ ಪಕ್ಕದಿಂದ ಎಬ್ಬಿಸಿ ಕಂಟ್ರೋಲ್ ರೂಮಿನಲ್ಲಿ ನನ್ನ ಬಳಿ ಕೂರಿಸಿದ್ದೂ ಫಲ ಕೊಟ್ಟಿತು. ಸ್ವರಗಳು ಕಡಿಮೆಯಾದವು, ಇದ್ದವು ಹೆಚ್ಚು ಹೊತ್ತು ನಿಂತವು.

ಕೊನೆಯ ಮಾತು ಯಾರದು ಎಂಬ ಪ್ರಶ್ನೆಯೂ ಬಂತು. ಬೀಟಲ್ಸ್ ಬ್ಯಾಂಡಿನವರು ಬೇರೆಯಾದ ಮೇಲೆ ಅದರ ಡ್ರಮ್ಮರ್ ರಿಂಗೊ ಸ್ಟಾರ್ 1973ರಲ್ಲಿ ತಂದ ‘ರಿಂಗೊ’ ಆಲ್ಬಂಗೆ ಹಳೆಯ ಜೊತೆಗಾರರಾದ ಲೆನನ್, ಮೆಕಾರ್ಟ್ನಿ, ಹ್ಯಾರಿಸನ್ ಮೂವರೂ ಹಾಡು ಕೊಟ್ಟರು, ನುಡಿಸಿದರು. ಆದರೆ ನಿರ್ಮಾಣದ ಹೊಣೆ ಹೊತ್ತವರು ಹೊರಗಿನವರಾದ ರಿಚರ್ಡ್ ಪೆರಿ. ನಮ್ಮಲ್ಲಿ ಅಂಥವರಿರಲಿಲ್ಲ. ಆದ್ದರಿಂದ ಸಲಹೆಯನ್ನು ಯಾರು ಬೇಕಾದರೂ ಕೊಡಬಹುದು, ಟೇಕ್ ಒಪ್ಪುವವರು ಮಾತ್ರ ಗಿಟಾರ್ ವಾದಕರೊಬ್ಬರೇ ಎಂದು ಮೊದಲ ದಿನವೇ ಎಲ್ಲರೆದುರು ಕೇಳಿ ಖಚಿತಪಡಿಸಿಕೊಂಡೆ. ಹಾಡಿಗೆ ಸ್ವರ ಸೇರಿಸಿದವರ ಪಾಲೆಷ್ಟು, ಕೇವಲ ನುಡಿಸಿದವರ ಸಂಭಾವನೆಯೆಷ್ಟು ಎಂಬುದನ್ನೂ ಆಗಲೇ ಬರೆದಿಟ್ಟರು. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆ, ವಾಣಿಜ್ಯ ಬಳಕೆಯಾಗುವ ಪ್ರದರ್ಶನಕ್ಕೆ ಕಲಾವಿದರಿಗೂ ರಾಯಲ್ಟಿಯ ಹಕ್ಕು ನೀಡಿದೆ. ಗೆಳೆಯರೆಂಬ ಸಲುಗೆಯಲ್ಲಿ ಇದನ್ನು ಬಾಯಿಮಾತಿಗೆ ಬಿಡಬಾರದೆಂದು ನಾನು ಬಲವಾಗಿ ನಂಬುತ್ತೇನೆ.

ಒಂದು ಹಾಡು ಮಾತ್ರ ಏನು ಮಾಡಿದರೂ ಮೆತ್ತಗಾಗಲಿಲ್ಲ. ಡ್ರಮ್ಮರ್ ಅದಕ್ಕೆ ಹಾಕಿದ ತಾಳ ಅಷ್ಟು ಸೊಗಸಾಗಿತ್ತು, ಮೂವರೂ ಅದರಲ್ಲಿ ತಮ್ಮ ಬ್ಯಾಂಡನ್ನೇ ಕೇಳುತ್ತಿದ್ದರು. ಗಿಟಾರ್ ವಾದಕರು ಅದನ್ನು ಆಲ್ಬಂನಿಂದ ತೆಗೆದು ಬ್ಯಾಂಡಿಗೆ ಕೊಟ್ಟರು. ಆ ಹಾಡಿಗೆ ನಾನು ಹೆಡ್‌ಫೋನ್ ಮಿಕ್ಸನ್ನು ಹಳೆಯ ಕ್ರಮಕ್ಕೇ ತಂದೆ, ಕ್ಲಿಕ್ ಮತ್ತು ಬೇಸ್ ಎರಡೂ ಜೋರಾಗಿ.