ಧಮ್ತರಿಯ ನಮ್ಮ ದೀದಿ

ಪಿಯುಸಿ ಮುಗಿಸಿ ನರ್ಸಿಂಗ್ ಸೇರುವ ನಮ್ಮ ಕಾಲೇಜಿನ ಹುಡುಗಿಯರು ಈಗ ಬೆಂಗಳೂರು, ಮಂಗಳೂರಿನ ದಾರಿ ಹಿಡಿಯುತ್ತಾರೆ. ತೊಂಬತ್ತರ ದಶಕದಲ್ಲಿ ನಾವು ಕೆಲವರು ಧಮ್ತರಿಗೆ ಹೋಗಿದ್ದೆವು. ಆಗ ಅದು ಮಧ್ಯಪ್ರದೇಶ, ಈಗ ಛತ್ತೀಸಗಢ. ಅಲ್ಲಿ ಮಕ್ಕಳ ವಾರ್ಡಿನ ಕೆಲಸ ಕಲಿಸಿದ ದೀದಿಯ ಬಗ್ಗೆ ಇಲ್ಲಿ ಬರೆಯಲು ಕಾರಣವಿದೆ. ಚಾಮರಾಜನಗರ, ಎಚ್.ಡಿ. ಕೋಟೆಯ ಹಾಡಿಗಳ ಕಡೆ ಕೆಲಸಕ್ಕೆ ಸೇರುವವರಿಗೆ ಅವರ ಪಾಠ ಇವತ್ತಿಗೂ ನೇರವಾಗಿ ಬೇಕು. ಸೋಲಿಗರಲ್ಲಿ, ಜೇನು ಕುರುಬರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ, ರಕ್ತದ ಕೆಂಪುಕಣ ಕುಡುಗೋಲಿನಂತೆ ಬಾಗುವ, ತಂದೆತಾಯಿಯಿಂದ ಮಕ್ಕಳಿಗೆ ಬರುವ ರೋಗ. ಧಮ್ತರಿಯ ಸುತ್ತ ಅದನ್ನು ಸಿಕಲಿಂಗ್ ಎನ್ನುತ್ತಾರೆ, ಅಲ್ಲಿ ಅದು ಮನೆಮಾತು.

ದೀದಿ ಮೆನೊನೈಟ್ ಎಂಬ ಕ್ರೈಸ್ತ ಸಭೆಯವರು. ಇದು 1525ರಲ್ಲಿ ಜೂರಿಕ್‌ನಲ್ಲಿ ಶುರುವಾದ ಪಂಗಡದಿಂದ ಬಂದದ್ದು, ಹೆಸರು ಮೆನೊ ಸೈಮನ್ಸ್ ಎಂಬ ಡಚ್ ಪಾದ್ರಿಯದು. ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ತಿಳಿದ ಮೇಲೆ ಸ್ವತಃ ಒಪ್ಪಿದವರಿಗೆ ಮಾತ್ರ. ಆಯುಧ ಹಿಡಿಯುವುದಿಲ್ಲ. ಅಮೆರಿಕದ ಮೆನೊನೈಟ್ ಮಿಷನರಿಗಳು ಧಮ್ತರಿಗೆ ಬಂದದ್ದು 1899ರಲ್ಲಿ. ಅದು ಬರದ ಕಾಲ. ಅವರ ಮೊದಲ ಕೆಲಸಗಳಲ್ಲಿ ಅನಾಥಾಲಯ ಒಂದು, ಆಸ್ಪತ್ರೆ ಆದದ್ದು 1910ರಲ್ಲಿ. ದೀದಿಯ ಅಜ್ಜಿ ಬೆಳೆದದ್ದು ಆ ಅನಾಥಾಲಯದಲ್ಲಿ. ಹಾಗಾಗಿ ವಿದೇಶಿ ಸಿಸ್ಟರ್ ಒಬ್ಬರನ್ನು ಕಲ್ಪಿಸಿಕೊಳ್ಳಬೇಡಿ. ಬೇಸಿಗೆಯಲ್ಲಿ ನೀರಲ್ಲಿ ನೆನೆದ ಬಾಸಿ ಅನ್ನ ತಿಂದು ಡ್ಯೂಟಿಗೆ ಬರುತ್ತಿದ್ದ, ಎದುರಾದವರಿಗೆ 'ಜೈ ಮಸೀಹ್ ಕೀ' ಎನ್ನುತ್ತಿದ್ದ ಛತ್ತೀಸಗಢಿ ಹೆಂಗಸು ಅವರು.

ಅವರಿಗೆ ಮೂರು ಮಕ್ಕಳು. ನಡುವಿನವನಿಗೆ ಸಿಕಲಿಂಗ್. ಗಂಡ ಹೆಂಡತಿ ಇಬ್ಬರೂ ವಾಹಕರು, ಅಂದರೆ ರೋಗದ ಗುಣವನ್ನು ಒಂದು ಪಾಲು ಮಾತ್ರ ಹೊತ್ತವರು, ಇಬ್ಬರಿಗೂ ಒಂದು ದಿನ ಜ್ವರ ಬಂದು ಮಲಗಿದ್ದಿಲ್ಲ. ಇಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಮಗುವಿನ ಸಾಧ್ಯತೆ. ಒಂದು ಮಗುವಿಗೆ ಬಂದಾಯಿತು, ಇನ್ನು ಮೂರು ಕ್ಷೇಮ ಎಂದು ಲೆಕ್ಕ ಹಾಕುವವರನ್ನು ದೀದಿ ಅಲ್ಲೇ ತಿದ್ದುತ್ತಿದ್ದರು. ಪ್ರತಿ ಸಲವೂ ಲೆಕ್ಕ ಹೊಸದು.

ಮಗನ ಕಾಯಿಲೆಯನ್ನು ಅವರು ಮುಚ್ಚಿಡಲಿಲ್ಲ, ಪಾಠಕ್ಕೆ ಬಳಸಿದರು. ಎಲ್ಲಕ್ಕಿಂತ ಮುಖ್ಯ ಪಾಠ ಗುಲ್ಮ, ಅಂದರೆ ಎಡ ಪಕ್ಕೆಲುಬಿನ ಕೆಳಗಿರುವ ಸ್ಪ್ಲೀನ್, ಮುಟ್ಟಿ ನೋಡುವುದು. ಚಿಕ್ಕ ಮಕ್ಕಳಲ್ಲಿ ರಕ್ತ ಇದ್ದಕ್ಕಿದ್ದಂತೆ ಗುಲ್ಮದೊಳಗೆ ಸಿಕ್ಕಿಕೊಂಡು ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಮಗುವನ್ನು ಅಂಗಾತ ಮಲಗಿಸಿ ಮಂಡಿ ಮಡಿಸಬೇಕು, ಹೊಟ್ಟೆ ಸಡಿಲಾಗುತ್ತದೆ. ಕೈ ಬೆಚ್ಚಗಿರಬೇಕು. ಹೊಕ್ಕುಳಿನ ಕೆಳಗೆ ಬಲಬದಿಯಿಂದ ಶುರುಮಾಡಿ, ಮಗು ಉಸಿರೆಳೆದಾಗ ಒಂದೊಂದೇ ಹೆಜ್ಜೆಯಾಗಿ ಎಡ ಪಕ್ಕೆಲುಬಿನ ಅಂಚಿಗೆ ಹೋಗಬೇಕು. ಹೊಸಬರೆಲ್ಲ ನೇರ ಪಕ್ಕೆಲುಬಿನ ಕೆಳಗೇ ಬೆರಳಿಡುತ್ತಾರೆ. ಗುಲ್ಮ ತುಂಬಾ ಊದಿದ್ದರೆ ಬೆರಳು ಅದರ ಮೇಲೇ ಇರುತ್ತದೆ, ಅಂಚು ಸಿಗುವುದೇ ಇಲ್ಲ, ಏನೂ ಇಲ್ಲವೆಂದು ಬರೆದುಬಿಡುತ್ತಾರೆ. ತಾಯಂದಿರಿಗೆ ಐಸ್‌ಕ್ರೀಂ ಕಡ್ಡಿಯೊಂದನ್ನು ಕೊಟ್ಟು, ಪಕ್ಕೆಲುಬಿನಿಂದ ಗುಲ್ಮ ಎಲ್ಲಿವರೆಗೆ ಇಳಿದಿದೆಯೋ ಅಲ್ಲಿಗೆ ಪೆನ್ನಿನ ಗೀಟು ಹಾಕಿಕೊಡುತ್ತಿದ್ದರು. ಗೀಟು ದಾಟಿದರೆ, ಜೊತೆಗೆ ಮಗು ಬಿಳುಚಿಕೊಂಡಿದ್ದರೆ, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಗುಲ್ಮ ಕೆಡುವುದರಿಂದ ಸೋಂಕಿನ ಭಯವೂ ಜಾಸ್ತಿ. ಅದಕ್ಕೇ ಪೆನಿಸಿಲಿನ್ ಮಾತ್ರೆ: ಮೂರು ವರ್ಷದೊಳಗೆ 125 ಮಿಲಿಗ್ರಾಂ, ಆಮೇಲೆ ಐದು ತುಂಬುವವರೆಗೆ 250, ದಿನಕ್ಕೆ ಎರಡು ಸಲ. ಮಗು ಚೆನ್ನಾಗಿ ಆಡಿಕೊಂಡಿರುವಾಗ ಮಾತ್ರೆ ಯಾಕೆ ಎಂದು ಮನೆಯವರು ನಿಲ್ಲಿಸಿಬಿಡುತ್ತಾರೆ. ಜ್ವರ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಾಗದೆ ಆಸ್ಪತ್ರೆಗೆ ತರಬೇಕು.

ನೀರಿನ ವಿಷಯದಲ್ಲಿ ದೀದಿ ಬಹಳ ಬಿಗಿ. ಈ ಮಕ್ಕಳ ಮೂತ್ರಪಿಂಡಕ್ಕೆ ಮೂತ್ರ ಗಟ್ಟಿ ಮಾಡುವ ಶಕ್ತಿ ಕಡಿಮೆ, ಹಾಗಾಗಿ ದೊಡ್ಡವರಾದರೂ ಹಾಸಿಗೆ ಒದ್ದೆ ಮಾಡುತ್ತಾರೆ. ಮನೆಯವರು ಬೈದು ಸಂಜೆಯಿಂದ ನೀರು ನಿಲ್ಲಿಸುತ್ತಾರೆ. ಬೆಳಗಿನ ಜಾವ ಕೈಕಾಲಿನ ಮೂಳೆ ನೋವು ಎಂದು ಮಗು ಚೀರುತ್ತಾ ವಾರ್ಡಿಗೆ ಬರುತ್ತದೆ. ನೀರು ಕಡಿಮೆಯಾದರೆ ಕೆಂಪುಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಆ ನೋವು ಅದರದೇ. ದೀದಿಯ ಮನೆಯಲ್ಲಿ ಮಗನ ಹಾಸಿಗೆಯಡಿ ರಬ್ಬರ್ ಶೀಟು, ತಲೆಯ ಬಳಿ ನೀರಿನ ಚೊಂಬು. ಛತ್ತೀಸಗಢದಲ್ಲಿ ಊರೂರಿಗೂ ಕೆರೆ, ಮಕ್ಕಳಿಗೆ ಈಜಿನ ಹುಚ್ಚು. ಡಿಸೆಂಬರ್, ಜನವರಿಯಲ್ಲಿ ಆ ತಣ್ಣೀರೇ ಸಾಕು ನೋವು ಶುರುವಾಗಲು. ನೋವಿನ ಜಾಗಕ್ಕೆ ಬೆಚ್ಚನೆ ಶಾಖ ಕೊಡಬೇಕು, ಐಸ್ ಇಡಲೇಬಾರದು. ಉಳುಕಿಗೆ ಐಸ್ ಇಟ್ಟು ಅಭ್ಯಾಸವಾದವರು ಇಲ್ಲೂ ಅದನ್ನೇ ಮಾಡುತ್ತಾರೆ.

ಕಣ್ಣು ಹಳದಿ ಕಂಡರೆ ಕಾಮಾಲೆ ಎಂದು ಮಂತ್ರ ಹಾಕಿಸುವುದು, ರಕ್ತ ಕಡಿಮೆ ಎಂದು ಕಬ್ಬಿಣದ ಟಾನಿಕ್ ಕುಡಿಸುವುದು ಎರಡೂ ಅಲ್ಲಿ ನಡೆಯುತ್ತಿದ್ದವು. ಇಲ್ಲಿ ರಕ್ತ ಕಡಿಮೆಯಾಗುವುದು ಕಣ ಬೇಗ ಒಡೆಯುವುದರಿಂದ. ಬೇಕಾದದ್ದು ದಿನವೂ ಫೋಲಿಕ್ ಆಸಿಡ್. ಕಬ್ಬಿಣದ ಕೊರತೆ ಪರೀಕ್ಷೆಯಲ್ಲಿ ಕಂಡರೆ ಮಾತ್ರ ಕಬ್ಬಿಣ.

ಕಣ ಬಾಗುತ್ತದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡ್ ಪರೀಕ್ಷೆಯನ್ನು ದೀದಿ ಲ್ಯಾಬಿನವರ ಪಾಲಿಗೆ ಬಿಡುತ್ತಿರಲಿಲ್ಲ, ನಮಗೂ ಕಲಿಸಿದರು. 10 ಮಿಲಿ ನೀರಿಗೆ 0.2 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ (ರಕ್ತದ ಆಮ್ಲಜನಕ ತೆಗೆಯುವ ರಾಸಾಯನಿಕ), ಅಂದೇ ಕರಗಿಸಿದ್ದು. ರಕ್ತದ ಹನಿಗೆ ಅದನ್ನು ಬೆರೆಸಿ, ಕವರ್‌ಸ್ಲಿಪ್ ಮುಚ್ಚಿ, ಅಂಚಿಗೆ ವ್ಯಾಸಲೀನ್ ಸವರಿ, ಅರ್ಧ ಗಂಟೆಯ ಮೇಲೆ ನೋಡುವುದು. ನಿನ್ನೆಯ ದ್ರಾವಣ ಬಳಸಿದರೆ, ಅಂಚಿನಲ್ಲಿ ಗಾಳಿ ನುಗ್ಗಿದರೆ, ರೋಗವಿದ್ದರೂ ಕಣ ಬಾಗುವುದಿಲ್ಲ. ಆರು ತಿಂಗಳೊಳಗಿನ ಕೂಸಿನಲ್ಲಿ ಭ್ರೂಣದ ಹಿಮೋಗ್ಲೋಬಿನ್ ಇನ್ನೂ ಉಳಿದಿರುವುದರಿಂದ, ರಕ್ತ ಹಾಕಿಸಿಕೊಂಡವರಲ್ಲಿ ಬೇರೆಯವರ ಕಣ ಇರುವುದರಿಂದ ಫಲಿತಾಂಶವನ್ನು ನಂಬುವಂತಿಲ್ಲ. ಪಾಸಿಟಿವ್ ಬಂದರೂ ವಾಹಕನೋ ರೋಗಿಯೋ ಎಂದು ಇದು ಹೇಳುವುದಿಲ್ಲ, ಅದಕ್ಕೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆ ಬೇಕು.

ವಾಹಕರೆಂದು ಗೊತ್ತಾದ ಹುಡುಗಿಯರ ಮದುವೆ ಮುರಿಯುವುದನ್ನು ಅವರು ಬಹಳ ನೋಡಿದ್ದರು. ಚೀಟಿಯಲ್ಲಿ ಬರೀ 'ಪಾಸಿಟಿವ್' ಎಂದು ಬರೆದುಕೊಟ್ಟರೆ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿಸುತ್ತಿದ್ದರು. 'ವಾಹಕಿ, ಚಿಕಿತ್ಸೆ ಬೇಕಿಲ್ಲ, ವರನ ರಕ್ತವನ್ನೂ ಪರೀಕ್ಷಿಸಿ' ಎಂದು ಪೂರ್ತಿ ಬರೆಯಬೇಕು. ವರನದು ಸರಿಯಿದ್ದರೆ ಆ ಮದುವೆಗೆ ಯಾವ ಅಡ್ಡಿಯೂ ಇಲ್ಲ, ಅದನ್ನು ಗಂಡಿನ ತಾಯಿಗೆ ಕೂರಿಸಿ ಹೇಳುವುದೂ ನರ್ಸಿನ ಕೆಲಸವೇ ಎನ್ನುತ್ತಿದ್ದರು.