ಬೆಳಗೊಳದ ಶೆಡ್ಡಿನಲ್ಲಿದ್ದ ಜೆಟ್ ಬೋಟು

9 ಮಾರ್ಚ್ 2025, ಭಾನುವಾರ
ಮಂಡ್ಯ

ಬೆಳಿಗ್ಗೆ ಎಂಟಕ್ಕೇ ಬಾಮೈದ ಬಂದ. "ಭಾವ, ಟಾರ್ಚು, ಸಂದು ಅಳೆಯೋ ಫೀಲರ್ ಗೇಜು ತಗೊಳ್ಳಿ. ಬೆಳಗೊಳದ ಹತ್ರ ಒಂದು ಬೋಟಿದೆ, ನೋಡ್ಕೊಂಡು ಬರೋಣ" ಅಂದ. ಚೀಟಿ ಎತ್ತಿದ ದುಡ್ಡು ಅವನ ಕೈಯಲ್ಲಿದೆ. ಕನ್ನಂಬಾಡಿ ಹಿನ್ನೀರಿನಲ್ಲಿ ಜನರನ್ನು ಸುತ್ತಾಡಿಸಿ ಸಂಪಾದಿಸಬೇಕು ಅಂತ ಆಸೆ.

ನಾನು ಪಂಪ್‌ಸೆಟ್ ರಿಪೇರಿಯವನು, ಬೋಟಿನ ವಿಷಯ ನನಗೇನು ಗೊತ್ತು ಅಂದುಕೊಂಡೇ ಹೋದೆ. ಅದರ ಹೊಟ್ಟೆಯ ಕೆಳಗೆ ಮಲಗಿ ನೋಡಿದರೆ, ಇದೂ ಪಂಪೇ! ತಳದಲ್ಲಿ ಜರಡಿ. ಇಂಪೆಲ್ಲರ್ ಅನ್ನೋ ತಿರುಗುವ ರೆಕ್ಕೆಚಕ್ರ ಅಲ್ಲಿಂದ ನೀರು ಎಳೆದು, ಬೋಟಿನ ಹಿಂದಿರುವ ನಾಜಲ್‌ನಿಂದ ಜೋರಾಗಿ ಚಿಮ್ಮಿಸುತ್ತದೆ, ಬೋಟು ಮುಂದಕ್ಕೆ ಹೋಗುತ್ತದೆ. ನ್ಯೂಜಿಲೆಂಡಿನಲ್ಲಿ ಕುರಿ ಸಾಕುತ್ತಿದ್ದ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಅಲ್ಲಿನ ಕಲ್ಲು ಹೊಳೆಗಳಿಗಾಗಿ ಇದನ್ನು ರೂಪಿಸಿದರು. 1960ರಲ್ಲಿ ಇಂಥವೇ ಬೋಟುಗಳು ಕೊಲರಾಡೊ ನದಿಯ ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಪ್ರವಾಹಕ್ಕೆ ಎದುರಾಗಿ ಹತ್ತಿದವು. ರೈತನೊಬ್ಬ ಮಾಡಿದ್ದು ಅಂದಾಗ ನನಗೆ ತುಂಬಾ ಖುಷಿಯಾಗುತ್ತದೆ.

ಹೊರಗೆ ಪ್ರೊಪೆಲ್ಲರ್ ಇಲ್ಲ. ವೇಗ ಹಿಡಿದ ಮೇಲೆ ಗೇಣುದ್ದ ನೀರಿದ್ದರೂ ಓಡುತ್ತದೆ. ಬಲಮುರಿ, ಎಡಮುರಿ ಕಡೆ ಹುಡುಗರು ಮುಳುಗಿದ ಸುದ್ದಿ ಕೇಳಿದಾಗಲೆಲ್ಲ ಹೊಟ್ಟೆ ಕಿವುಚುತ್ತದೆ. ನೀರಲ್ಲಿರುವವರ ಹತ್ತಿರಕ್ಕೆ ಬ್ಲೇಡಿನ ಭಯವಿಲ್ಲದೆ ಹೋಗಬಹುದಾದ ಬೋಟು ಇದು. ಈ ಒಂದು ಕಾರಣಕ್ಕೆ ನನಗೂ ಮನಸ್ಸಾಯಿತು.

ಆಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಶಾಫ್ಟಿಗೆ ಹಸಿರು ನೈಲಾನ್ ಬಲೆಯ ಎಳೆ ಸುತ್ತಿಕೊಂಡಿತ್ತು. ಇಂಪೆಲ್ಲರಿನ ಅಂಚುಗಳು ಇಲಿ ಕಡಿದ ಹಾಗೆ ತಿಂದುಹೋಗಿದ್ದವು. ಅದಕ್ಕೂ ಸುತ್ತಲಿನ ರಿಂಗಿಗೂ ಮಧ್ಯೆ ಸುಮಾರು ಅರ್ಧ ಮಿಲಿಮೀಟರ್ ಸಂದು ಇರಬೇಕು. ಒಂದು ಮಿಲಿಮೀಟರಿನ ಗೇಜು ಸಲೀಸಾಗಿ ಹೋಯಿತು, ಇನ್ನೂ ಅಲ್ಲಾಡುತ್ತಿತ್ತು. ಮರಳು ಎಳೆದು ಎಳೆದು ಸವೆದಿದೆ. ಹೀಗಾದರೆ ಇಂಜಿನ್ ಕೂಗುತ್ತದೆ, ಬೋಟು ಹೋಗುವುದಿಲ್ಲ. ಸವೆದ ಪಂಪಿನ ಮೋಟರ್ ತಿರುಗಿದರೂ ಗದ್ದೆಗೆ ನೀರು ಹತ್ತೋದಿಲ್ಲ ಅಲ್ವಾ, ಹಾಗೇ.

ಮಾರುವವರು ಎಂಟೂವರೆ ಲಕ್ಷ ಹೇಳಿದರು. ಅವರ ಪ್ರಕಾರ ಗಂಟೆಗೆ 30 ಲೀಟರ್ ಪೆಟ್ರೋಲ್. ಲೀಟರಿಗೆ ನೂರರ ಮೇಲಿದೆ, ಅಂದರೆ ಗಂಟೆಗೆ ಮೂರು ಸಾವಿರ. ಹತ್ತು ನಿಮಿಷದ ಒಂದು ಸುತ್ತಿಗೆ ಐದು ಲೀಟರ್, ಐನೂರು ರೂಪಾಯಿ. ನಾಲ್ಕು ಜನರಿಂದ ತಲಾ 250 ತಗೊಂಡರೆ ಐನೂರು ಉಳಿಯುತ್ತದೆ. ಅದರಲ್ಲೇ ಡ್ರೈವರ್ ಸಂಬಳ, ವಿಮೆ, ರಿಪೇರಿ. ಜನ ಬರುವುದು ಭಾನುವಾರ, ರಜೆ, ದಸರಾ. ಉಳಿದ ದಿನ ಬೋಟು ಸುಮ್ನೆ ನಿಂತಿರುತ್ತದೆ. ನಿಧಾನಕ್ಕೆ ಓಡಿಸಿ ಪೆಟ್ರೋಲ್ ಉಳಿಸೋಣ ಅಂದರೆ, ಜೆಟ್ಟಿನ ಕೆಲಸ ಕೆಡುವುದೇ ನಿಧಾನದಲ್ಲಿ.

ಹಿನ್ನೀರಿನದೇ ಬೇರೆ ಕಥೆ. ಅಣೆಕಟ್ಟು ತುಂಬಿದಾಗ 124.80 ಅಡಿ. ಬೇಸಿಗೆಯಲ್ಲಿ ನೀರು ಇಳಿದ ಹಾಗೆ ದಡ ದೂರ ಸರಿಯುತ್ತದೆ, ಕೆಸರು, ಮರಳು, ಹಳೇ ಊರಿನ ಕಲ್ಲುಗಳು ಮೇಲೇಳುತ್ತವೆ. ಓಡುವಾಗ ಪರವಾಗಿಲ್ಲ. ನಿಂತಲ್ಲಿಂದ ಹೊರಡುವಾಗ ತಳದ ಮರಳನ್ನೆಲ್ಲ ಹೀರುತ್ತದೆ. ಅಂತರಗಂಗೆ ಕಳೆಯೋ ಮೀನುಗಾರರ ಬಲೆಯೋ ಜರಡಿಗೆ ಸಿಕ್ಕರೆ ನಡುನೀರಲ್ಲೇ ನಿಲ್ಲಬೇಕು. ಇನ್ನೊಂದು ಮಾತು ಬಾಮೈದನಿಗೆ ಎರಡು ಸಲ ಹೇಳಿದೆ: ಆಕ್ಸಿಲರೇಟರ್ ಬಿಟ್ಟರೆ ಸ್ಟೀರಿಂಗ್ ಕೆಲಸ ಮಾಡಲ್ಲ, ನೀರು ಚಿಮ್ಮಿದರೆ ಮಾತ್ರ ತಿರುಗೋದು. ಗಾಬರಿಯಲ್ಲಿ ಕಾಲು ತೆಗೆದರೆ ನೇರ ಹೋಗಿ ಬಡಿಯುತ್ತದೆ.

ಕಾಗದಗಳನ್ನು ಕೇಳಿದೆ. 2021ರ ಒಳನಾಡು ಹಡಗು ಕಾಯ್ದೆಯಲ್ಲಿ ನೋಂದಣಿ, ಸರ್ವೆ (ಬೋಟಿನ ತಪಾಸಣೆ) ಪ್ರಮಾಣಪತ್ರ ಎರಡೂ ಬೇಕು. ಜಲಾಶಯದಲ್ಲಿ ಇಳಿಸಲು ಕಾವೇರಿ ನೀರಾವರಿ ನಿಗಮದ ಒಪ್ಪಿಗೆಯೂ ಬೇಕು. ಅವರು ತೋರಿಸಿದ್ದು ಹಳೇ ಬಿಲ್ಲು ಮಾತ್ರ.

"ಹಾಗಾದ್ರೆ ಬೇಡ್ವಾ ಭಾವ?" ಅಂದ. ಮುಖ ಸಣ್ಣಗಾಗಿತ್ತು. ರಿಂಗು, ಇಂಪೆಲ್ಲರ್ ಹೊಸದು ಅವರೇ ಹಾಕಿಸಲಿ, ಕಾಗದ ಮಾಡಿಕೊಡಲಿ, ಒಂದು ಗಂಟೆ ನೀರಲ್ಲಿ ಓಡಿಸಿ ತೋರಿಸಲಿ, ಆಮೇಲೆ ಆರು ಲಕ್ಷಕ್ಕೆ ಕೇಳು, ಅದಕ್ಕಿಂತ ಜಾಸ್ತಿ ಒಂದು ರೂಪಾಯಿಯೂ ಬೇಡ ಅಂದೆ. ಮಾರುವವರು ಒಪ್ಪಲಿಲ್ಲ. ಚೀಟಿ ದುಡ್ಡು ನಾಳೆ ಮತ್ತೆ ಬ್ಯಾಂಕಿಗೆ.